ರಾಜೀನಾಮೆ ಕೊಟ್ಟ ಪೊಲೀಸ್ ಎಲ್ಲಿಗೆ ಹೋಗುತ್ತಾನೆ?



ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 2014ರ ನವೆಂಬರ್ 22ರಂದು ತಮೀರ್ ರೈಸ್ ಎಂಬ 12 ವರ್ಷದ ಹುಡುಗ ಒಂದು ಪಾರ್ಕಿನಲ್ಲಿ ಆಟಿಕೆ ಪಿಸ್ತೂಲು ಹಿಡಿದು ಆಡುತ್ತಿದ್ದ. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಗಸ್ತಿನ ಕಾರು ಬಂದು ಸುಮಾರು ಎರಡೇ ಸೆಕೆಂಡಿನಲ್ಲಿ ಒಬ್ಬ ಅಧಿಕಾರಿ ಹಾರಿಸಿದ ಗುಂಡು ಅವನಿಗೆ ತಗುಲಿತು. ಮರುದಿನ ಹುಡುಗ ತೀರಿಕೊಂಡ. ಈ ಸಾವಿನ ಬಗ್ಗೆ ಜಗತ್ತೆಲ್ಲ ಬರೆದಿದೆ. ನಾನು ಇಂದು ಹೇಳಬೇಕಾದದ್ದು ಆ ಗುಂಡಿಗಿಂತ ಎರಡು ವರ್ಷ ಹಿಂದೆ ಬರೆದ ಒಂದು ಟಿಪ್ಪಣಿಯಿಂದ ಶುರುವಾಗುತ್ತದೆ. ಅದೇ ಅಧಿಕಾರಿ 2012ರಲ್ಲಿ ಪಕ್ಕದ ಇಂಡಿಪೆಂಡೆನ್ಸ್ ಎಂಬ ಸಣ್ಣ ಊರಿನ ಪೊಲೀಸ್ ಇಲಾಖೆಯಲ್ಲಿದ್ದ. ಬಂದೂಕು ತರಬೇತಿಯ ವೇಳೆ ಅವನು ಮನಸ್ಸಿನ ಹಿಡಿತ ತಪ್ಪಿದ್ದನ್ನು ಕಂಡ ಮೇಲಧಿಕಾರಿ, ಕಾಲವಾಗಲಿ ತರಬೇತಿಯಾಗಲಿ ಈತನನ್ನು ಸರಿಪಡಿಸದು, ಇಲಾಖೆಯಿಂದ ಬಿಡುಗಡೆ ಮಾಡುವುದೇ ಲೇಸು ಎಂದು ಬರೆದಿಟ್ಟರು. ಆ ಡಿಸೆಂಬರಿನಲ್ಲಿ ಅವನು ರಾಜೀನಾಮೆ ಕೊಟ್ಟ. ಟಿಪ್ಪಣಿ ಕಡತದಲ್ಲಿ ಉಳಿಯಿತು. 2014ರಲ್ಲಿ ಅವನನ್ನು ನೇಮಿಸಿಕೊಂಡ ಕ್ಲೀವ್‌ಲ್ಯಾಂಡ್ ಇಲಾಖೆ ಆ ಕಡತವನ್ನು ತರಿಸಿ ನೋಡಲೇ ಇಲ್ಲ. ಹುಡುಗನ ಸಾವಿಗೆ ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ಆರೋಪ ಹೊರಿಸಲಿಲ್ಲ. ನಗರ ಕುಟುಂಬಕ್ಕೆ 60 ಲಕ್ಷ ಡಾಲರ್ ಕೊಟ್ಟಿತು. 2017ರಲ್ಲಿ ಅಧಿಕಾರಿ ವಜಾಗೊಂಡದ್ದು ಗುಂಡು ಹಾರಿಸಿದ್ದಕ್ಕಲ್ಲ, ಕೆಲಸದ ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ. ಮುಂದೆ 2018ರಲ್ಲಿ ಒಹಾಯೊದ್ದೇ ಬೆಲೇರ್ ಎಂಬ ಊರು, 2022ರಲ್ಲಿ ಪೆನ್ಸಿಲ್ವೇನಿಯಾದ ಟಿಯೋಗ ಎಂಬ ಪುಟ್ಟ ಊರು ಅವನನ್ನು ಪೊಲೀಸ್ ಕೆಲಸಕ್ಕೆ ತೆಗೆದುಕೊಂಡವು. ಎರಡು ಕಡೆಯೂ ಜನರ ಆಕ್ರೋಶ ಎದ್ದ ಮೇಲಷ್ಟೇ ಅವನು ಹಿಂದೆ ಸರಿದ.

ಇಲ್ಲಿ ಒಂದು ಇಲಾಖೆ ತನ್ನ ಕರ್ತವ್ಯವನ್ನು ಮಾಡಿತ್ತು ಎಂಬುದನ್ನು ಮರೆಯಬಾರದು. ಅಯೋಗ್ಯತೆಯನ್ನು ಗುರುತಿಸಿತು, ಬರೆದಿಟ್ಟಿತು, ಮನುಷ್ಯನನ್ನು ಹೊರಗೆ ಕಳಿಸಿತು. ಅದರ ಅಧಿಕಾರ ತನ್ನ ಊರಿನ ಗಡಿಗೆ ಮುಗಿಯಿತು. ಕೆಲಸ ಕೊಡುವ ಅಧಿಕಾರವೂ ಪೊಲೀಸ್ ಆಗಿರಲು ಅರ್ಹತೆ ಕೊಡುವ ಅಧಿಕಾರವೂ ಒಂದೇ ಕೈಯಲ್ಲಿದ್ದರೆ ರಾಜೀನಾಮೆ ಪತ್ರವೊಂದೇ ಎಲ್ಲ ತಪ್ಪನ್ನೂ ಮುಚ್ಚಿಬಿಡುತ್ತದೆ ಎಂಬುದು ನನ್ನ ವಾದ. ಪೊಲೀಸರಿಗೆ ರಾಜ್ಯದ ಪರವಾನಗಿ ಬೇಕು, ಅದನ್ನು ರದ್ದುಮಾಡುವ ಹಕ್ಕು ಇಲಾಖೆಯ ಹೊರಗಿನ ಒಂದು ಮಂಡಳಿಗಿರಬೇಕು ಎನ್ನುವವರು ಸಾಮಾನ್ಯವಾಗಿ ಶಿಕ್ಷೆಯ ಮಾತಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಬೆಲೆ ಶಿಕ್ಷೆಯಲ್ಲಿಲ್ಲ. ಮನುಷ್ಯ ಕೆಲಸ ಬಿಟ್ಟ ಮೇಲೂ ವಿಚಾರಣೆ ಮುಂದುವರಿಯುತ್ತದೆ, ಅದರ ಫಲಿತಾಂಶ ಮುಂದಿನ ಊರಿಗೆ ಅವನಿಗಿಂತ ಮೊದಲೇ ತಲುಪುತ್ತದೆ ಎಂಬುದರಲ್ಲಿದೆ.

ಕರ್ನಾಟಕದಲ್ಲಿ ಕುಳಿತವರಿಗೆ ಈ ಸಮಸ್ಯೆ ವಿಚಿತ್ರವಾಗಿ ಕಾಣಬಹುದು. ಬೀದರಿನಿಂದ ಚಾಮರಾಜನಗರದವರೆಗೆ ನಮ್ಮದು ಒಂದೇ ಪೊಲೀಸ್ ಇಲಾಖೆ. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ: ನಗರಗಳದು, ಕೌಂಟಿ ಷೆರಿಫರದು, ರಾಜ್ಯದ್ದು, ವಿಶ್ವವಿದ್ಯಾಲಯಗಳದು, ಸಾರಿಗೆ ಸಂಸ್ಥೆಗಳದು. ಊರಿನ ಪೊಲೀಸ್ ಇಲಾಖೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಹತ್ತು ಜನ ಅಧಿಕಾರಿಗಳೂ ಇಲ್ಲ. ಪ್ರತಿಯೊಂದೂ ತಾನೇ ನೇಮಿಸುತ್ತದೆ, ತಾನೇ ವಜಾ ಮಾಡುತ್ತದೆ. ಕೇಂದ್ರ ಸರ್ಕಾರ ಇವರಿಗೆಲ್ಲ ಒಂದು ಪರವಾನಗಿ ಕೊಡುವಂತಿಲ್ಲ. ಆ ದೇಶದ ಸಂವಿಧಾನದಲ್ಲಿ ಪೊಲೀಸ್ ಅಧಿಕಾರ ರಾಜ್ಯಗಳದು. 1997ರ ಪ್ರಿಂಟ್ಜ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸ್ಥಳೀಯ ಪೊಲೀಸ್ ಅಧಿಕಾರಿಗಳನ್ನು ಕೇಂದ್ರ ತನ್ನ ಆಳುಗಳಂತೆ ದುಡಿಸಿಕೊಳ್ಳುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಹೀಗೆ ಮೇಲಿನ ದಾರಿ ಮುಚ್ಚಿದೆ, ಕೆಳಗಿನದು 18,000 ಕವಲು. ನಡುವೆ ಉಳಿಯುವುದು ರಾಜ್ಯ ಮಾತ್ರ.

ರಾಜ್ಯ ಆ ಜಾಗಕ್ಕೆ ಬಂದದ್ದು ಬಹಳ ನಿಧಾನವಾಗಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ ಆಗಸ್ಟ್ ವೋಲ್ಮರ್ 20ನೇ ಶತಮಾನದ ಮೊದಲ ದಶಕಗಳಲ್ಲೇ ಪೊಲೀಸ್ ಕೆಲಸವನ್ನು ಓದು, ತರಬೇತಿ ಬೇಡುವ ವೃತ್ತಿಯಾಗಿ ಕಂಡಿದ್ದ. 1931ರಲ್ಲಿ ವಿಕರ್‌ಶಾಮ್ ಆಯೋಗ ಪೊಲೀಸರ ಚಿತ್ರಹಿಂಸೆಯನ್ನು ದಾಖಲೆ ಸಮೇತ ದೇಶದ ಮುಂದಿಟ್ಟಿತು. ಆದರೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳು ಪೊಲೀಸರ ಅರ್ಹತೆ, ತರಬೇತಿಗಳ ಮಟ್ಟ ನಿಗದಿಪಡಿಸುವ ಸಂಸ್ಥೆಗಳನ್ನು ಕಟ್ಟಿದ್ದು 1959ರಲ್ಲಿ. ಕೊಟ್ಟ ಅರ್ಹತೆಯನ್ನು ಹಿಂಪಡೆಯುವ ಅಧಿಕಾರವನ್ನು ಮೊದಲು ಪಡೆದದ್ದು ನ್ಯೂಮೆಕ್ಸಿಕೊ, 1969ರಲ್ಲಿ. ವೈದ್ಯರ ಪರವಾನಗಿಯ ವಿಷಯದಲ್ಲಿ ಅದೇ ದೇಶ ಎಷ್ಟು ಮುಂದಿತ್ತು ನೋಡಿ. ಜನರ ಜೀವದ ಜೊತೆ ವ್ಯವಹರಿಸುವವನ ಯೋಗ್ಯತೆಯನ್ನು ಪರೀಕ್ಷಿಸುವ ಹಕ್ಕು ರಾಜ್ಯಕ್ಕಿದೆ ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 1889ರಲ್ಲಿ, ವೆಸ್ಟ್ ವರ್ಜೀನಿಯಾದ ಡೆಂಟ್ ಪ್ರಕರಣದಲ್ಲಿ. ವೈದ್ಯ ಒಂದು ಆಸ್ಪತ್ರೆ ಬಿಟ್ಟರೂ ಅವನ ಮೇಲಿನ ದೂರು ವೈದ್ಯಕೀಯ ಮಂಡಳಿಯ ಮುಂದೆ ಉಳಿದೇ ಇರುತ್ತದೆ. ವಕೀಲನದೂ ಹಾಗೆಯೇ. ಕ್ಯಾಲಿಫೋರ್ನಿಯಾದಲ್ಲಿ ಕ್ಷೌರ ಮಾಡುವವರಿಗೂ ರಾಜ್ಯ ಮಂಡಳಿಯ ಲೈಸೆನ್ಸ್ ಬೇಕು, ತಪ್ಪು ಮಾಡಿದರೆ ಅದು ಹೋಗುತ್ತದೆ. ಜನರನ್ನು ಹಿಡಿದು ಕೂಡಿಹಾಕುವ, ಅಗತ್ಯ ಬಿದ್ದರೆ ಗುಂಡು ಹಾರಿಸುವ ಅಧಿಕಾರ ಪಡೆದವರ ಮೇಲೆ ಮಾತ್ರ ಅದೇ ರಾಜ್ಯ 2003ರಲ್ಲಿ ತನ್ನ ಹಿಡಿತವನ್ನು ಇನ್ನಷ್ಟು ಸಡಿಲಿಸಿಕೊಂಡಿತು. ಮೋಸದಿಂದ ಅಥವಾ ಕಚೇರಿಯ ತಪ್ಪಿನಿಂದ ಸಿಕ್ಕ ಪ್ರಮಾಣಪತ್ರವನ್ನಷ್ಟೇ ರದ್ದುಮಾಡಬಹುದು ಎಂಬ ಸ್ಥಿತಿ ಬಂತು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ಅಧಿಕಾರಿಯೊಬ್ಬನಿಂದ ಕೊಲೆಯಾದಾಗ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್‌ಗಳಂಥ ಉದಾರವಾದಿ ರಾಜ್ಯಗಳೇ ಈ ಅಧಿಕಾರವಿಲ್ಲದೆ ಉಳಿದಿದ್ದವು. ದಕ್ಷಿಣದ ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಅದು ದಶಕಗಳಿಂದ ನಡೆಯುತ್ತಿತ್ತು. ಇದರ ಕಾರಣ ಊಹಿಸುವುದು ಕಷ್ಟವಲ್ಲ: ಪೊಲೀಸ್ ಸಂಘಗಳು ಬಲವಾಗಿದ್ದ ಕಡೆ ಶಾಸಕರು ಹಿಂಜರಿದರು.

ಊರೂರು ಅಲೆಯುವ ಇಂಥ ಅಧಿಕಾರಿಗಳು ನಿಜಕ್ಕೂ ಎಷ್ಟು ಮಂದಿ, ಒಂದೆರಡು ಕೆಟ್ಟ ಪ್ರಕರಣ ಹಿಡಿದು ಇಷ್ಟೊಂದು ಕಟ್ಟಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಬೆನ್ ಗ್ರನ್‌ವಾಲ್ಡ್ ಮತ್ತು ಜಾನ್ ರಾಪಪೋರ್ಟ್ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕರು 2020ರಲ್ಲಿ ಯೇಲ್ ಲಾ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಫ್ಲಾರಿಡಾದ ಸುಮಾರು 500 ಇಲಾಖೆಗಳ 98,000 ಪೂರ್ಣಾವಧಿ ಅಧಿಕಾರಿಗಳ 30 ವರ್ಷದ ದಾಖಲೆಗಳನ್ನು ಅವರು ಜಾಲಾಡಿದರು. ಯಾವುದೇ ಒಂದು ವರ್ಷ ತೆಗೆದುಕೊಂಡರೂ, ಒಮ್ಮೆ ಫ್ಲಾರಿಡಾದ ಬೇರೊಂದು ಇಲಾಖೆಯಿಂದ ವಜಾಗೊಂಡು ಮತ್ತೆ ಸಮವಸ್ತ್ರ ತೊಟ್ಟವರು ಸರಾಸರಿ 1,100ರಷ್ಟಿದ್ದರು. ಒಟ್ಟು ಬಲದಲ್ಲಿ ಸುಮಾರು ಶೇ 3. ಅವರಿಗೆ ಕೆಲಸ ಸಿಗಲು ಹೆಚ್ಚು ಕಾಲ ಹಿಡಿಯುತ್ತದೆ, ಸಿಗುವುದು ಹಣಕಾಸಿಲ್ಲದ ಸಣ್ಣ ಇಲಾಖೆಗಳಲ್ಲಿ. ಹೊಸದಾಗಿ ಸೇರಿದವರಿಗಿಂತಲೂ, ಎಂದೂ ವಜಾಗೊಳ್ಳದೆ ಇಲಾಖೆ ಬದಲಿಸಿದ ಅನುಭವಿಗಳಿಗಿಂತಲೂ ಇವರು ಮತ್ತೆ ವಜಾಗೊಳ್ಳುವ, ನೈತಿಕ ನಡತೆಯ ಬಗ್ಗೆ ದೂರಿಗೆ ಗುರಿಯಾಗುವ ಸಂಭವ ಹೆಚ್ಚು ಎಂದು ಅಧ್ಯಯನ ತೋರಿಸಿತು. ಈ ಎಣಿಕೆಯಲ್ಲಿ ಇರುವುದು ವಜಾಗೊಂಡವರು ಮಾತ್ರ. ವಜಾ ಆದೇಶ ಬರುವ ಮುನ್ನ ತಾವಾಗಿ ಹೊರಟವರು ಇದರಲ್ಲಿ ಇಲ್ಲ. ಮತ್ತೊಂದು ಮಾತು: ಪರವಾನಗಿ ರದ್ದುಮಾಡುವುದರಲ್ಲಿ ಫ್ಲಾರಿಡಾ ಹಿಂದೆ ಬಿದ್ದ ರಾಜ್ಯವಲ್ಲ, ಮುಂದಿರುವ ರಾಜ್ಯ. ಅಲ್ಲೇ ಶೇ 3 ಎಂದರೆ ಯಾವ ನಿಗಾವೂ ಇಲ್ಲದ ಕಡೆಯ ಸ್ಥಿತಿ ಇದಕ್ಕಿಂತ ಹಗುರವಾಗಿರುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಕೋರ್ಟುಗಳಿವೆಯಲ್ಲ, ತಪ್ಪು ಮಾಡಿದವನ ಮೇಲೆ ದಾವೆ ಹೂಡಿದರಾಯಿತು ಎಂಬುದು ಬಹುಕಾಲದ ಆಕ್ಷೇಪಣೆ. ಕಾಗದದ ಮೇಲೆ ಇದು ಸರಿ. ಜೊಯಾನಾ ಶ್ವಾರ್ಟ್ಸ್ ಎಂಬ ವಿದ್ವಾಂಸೆ 2014ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ನಾಗರಿಕ ಹಕ್ಕಿನ ದಾವೆಗಳಲ್ಲಿ ಪೊಲೀಸರ ವಿರುದ್ಧ ಜನರಿಗೆ ಸಂದ ಪರಿಹಾರದ ಹಣದಲ್ಲಿ ಶೇ 99.98ರಷ್ಟನ್ನು ಕಟ್ಟಿದವು ಸರ್ಕಾರಗಳು, ಅಂದರೆ ತೆರಿಗೆದಾರರು. ಅಧಿಕಾರಿಯ ಜೇಬಿಗೆ ಹೆಚ್ಚುಕಡಿಮೆ ಏನೂ ತಾಗಲಿಲ್ಲ, ಅವನ ಸೊಂಟದ ಪಿಸ್ತೂಲೂ ಅಲ್ಲಿಯೇ ಉಳಿಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು, ಅದು ಬೇಕೇ ಬೇಕು. ಮನುಷ್ಯನನ್ನು ಜೈಲಿಗೆ ಕಳಿಸುವಾಗ ಅಷ್ಟು ಎಚ್ಚರ ಇರಲೇಬೇಕು. ಆದರೆ ಜೈಲಿಗೆ ಹೋಗದ ಪ್ರತಿಯೊಬ್ಬನೂ ಬಂದೂಕು ಹಿಡಿಯಲು ಯೋಗ್ಯ ಎಂದಾಗುವುದಿಲ್ಲ. ಸಾಕ್ಷ್ಯದಲ್ಲಿ ಸುಳ್ಳು ಹೇಳುವ, ಬಂಧಿತಳನ್ನು ಪೀಡಿಸುವ, ಸಹೋದ್ಯೋಗಿ ಹೊಡೆಯುವಾಗ ಕೈಕಟ್ಟಿ ನಿಲ್ಲುವ ಅಧಿಕಾರಿಯ ಮೇಲೆ ಬಹುಪಾಲು ಮೊಕದ್ದಮೆಯೇ ಹೂಡಲ್ಪಡುವುದಿಲ್ಲ. ಇಲಾಖೆ ಗಟ್ಟಿಮನಸ್ಸು ಮಾಡಿ ವಜಾ ಮಾಡಿದರೂ ಅದು ಉಳಿಯುವ ಖಾತ್ರಿ ಇಲ್ಲ. ವಾಷಿಂಗ್ಟನ್ ಪೋಸ್ಟ್ 2017ರಲ್ಲಿ ಪ್ರಕಟಿಸಿದ ತನಿಖೆಯಂತೆ, 2006ರ ನಂತರ ದೇಶದ ದೊಡ್ಡ ಇಲಾಖೆಗಳು ವಜಾ ಮಾಡಿದ 1,881 ಅಧಿಕಾರಿಗಳಲ್ಲಿ 450ಕ್ಕೂ ಹೆಚ್ಚು ಮಂದಿಯನ್ನು ಸಂಘದ ಒಪ್ಪಂದದ ಪ್ರಕಾರ ನಡೆದ ಮೇಲ್ಮನವಿಗಳ ನಂತರ ಮರಳಿ ಸೇರಿಸಿಕೊಳ್ಳಬೇಕಾಯಿತು. ಆ ಮೇಲ್ಮನವಿ ಕೇಳುವ ಮಧ್ಯಸ್ಥಗಾರ ನೋಡುವುದು ಮಾಲೀಕ ಮತ್ತು ನೌಕರರ ನಡುವಿನ ನ್ಯಾಯವನ್ನು. ರಸ್ತೆಯ ಮೇಲಿನ ಜನ ಆ ಒಪ್ಪಂದದ ಪಕ್ಷಕಾರರೇ ಅಲ್ಲ.

ಇನ್ನೊಂದು ಆಕ್ಷೇಪಣೆಯನ್ನು ನಾನು ಇವೆಲ್ಲಕ್ಕಿಂತ ಗೌರವದಿಂದ ನೋಡುತ್ತೇನೆ. ವಜಾಗೊಂಡವರೆಲ್ಲ ತಪ್ಪಿತಸ್ಥರಲ್ಲ. ಮುಖ್ಯಸ್ಥನ ಅಕ್ರಮವನ್ನು ಬಯಲಿಗೆಳೆದ, ಸಹೋದ್ಯೋಗಿಯ ಏಟನ್ನು ತಡೆದ, ಸುಳ್ಳು ವರದಿಗೆ ಸಹಿ ಹಾಕದ ಅಧಿಕಾರಿಯೂ ವಜಾಗೊಳ್ಳುತ್ತಾನೆ. ಅವನ ಹೆಸರೂ ರಾಜ್ಯದ ಪಟ್ಟಿಗೆ ಸೇರಿಬಿಟ್ಟರೆ ಬದುಕಿಡೀ ಅನ್ನ ಕಸಿದಂತಾಗುತ್ತದೆ. ಇದನ್ನು ತಳ್ಳಿಹಾಕುವ ಸುಧಾರಕರನ್ನು ನಾನು ಒಪ್ಪಲಾರೆ. ಆದರೆ ಈ ಆಕ್ಷೇಪಣೆಯನ್ನು ಕೊನೆಯವರೆಗೆ ಹಿಡಿದು ಹೋದರೆ ಅದು ಪರವಾನಗಿಯ ಪರವಾಗಿಯೇ ನಿಲ್ಲುತ್ತದೆ. ಹೊರಗಿನ ಮಂಡಳಿ ಇಲ್ಲದಾಗ, ಪ್ರಾಮಾಣಿಕನಾದ್ದಕ್ಕೆ ಹೊರದೂಡಲ್ಪಟ್ಟವನ ಬಗ್ಗೆ ಮುಂದಿನ ಊರಿಗೆ ಗೊತ್ತಾಗುವುದು ಇಷ್ಟೇ: ಹಿಂದಿನವರು ಇವನನ್ನು ಬೇಡವೆಂದರು. ಆ ಕಳಂಕವನ್ನು ತೊಳೆಯುವ ಜಾಗವೇ ಅವನಿಗಿಲ್ಲ. ಇಲಾಖೆಯ ಆದೇಶವನ್ನೇ ಅಂತಿಮವೆಂದು ತೆಗೆದುಕೊಳ್ಳದೆ, ಸಾಕ್ಷ್ಯವನ್ನು ತಾನೇ ತೂಗಿ, ಈತನಲ್ಲಿ ದುರ್ನಡತೆ ಕಾಣಲಿಲ್ಲ ಎಂದು ಬರೆದುಕೊಡುವ ಮಂಡಳಿ ಅಂಥವನಿಗೆ ದೊಡ್ಡ ಆಸರೆ. ಹಾಗಾಗಿ ವಜಾ ಆದ ಕೂಡಲೇ ಪರವಾನಗಿಯೂ ತಾನಾಗಿ ಹೋಗುವ ಕಾನೂನು ಕೆಟ್ಟ ಕಾನೂನು. ಮುಖ್ಯಸ್ಥನ ಸಿಟ್ಟಿಗೆ ಅದು ರಾಜ್ಯದ ಮುದ್ರೆ ಒತ್ತುತ್ತದೆ.

ಕ್ಯಾಲಿಫೋರ್ನಿಯಾ ತಡವಾಗಿ ಬಂದರೂ ಈ ವಿಷಯದಲ್ಲಿ ಯೋಚಿಸಿ ಹೆಜ್ಜೆ ಇಟ್ಟಿದೆ ಎಂದು ನನ್ನ ಅಭಿಪ್ರಾಯ. ಸೆನೆಟರ್ ಸ್ಟೀವನ್ ಬ್ರಾಡ್‌ಫರ್ಡ್ ಮಂಡಿಸಿದ ಎಸ್‌ಬಿ 2 ಮಸೂದೆಗೆ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ 2021ರ ಸೆಪ್ಟೆಂಬರ್ 30ರಂದು ಸಹಿ ಹಾಕಿದರು. ಪರವಾನಗಿ ರದ್ದತಿಯ ವ್ಯವಸ್ಥೆ 2023ರ ಜನವರಿ 1ರಿಂದ ಜಾರಿಗೆ ಬಂತು. ಸುಳ್ಳು, ಅಧಿಕಾರದ ದುರುಪಯೋಗ, ಮಿತಿಮೀರಿದ ಬಲಪ್ರಯೋಗ, ಲೈಂಗಿಕ ದೌರ್ಜನ್ಯ, ಪಕ್ಷಪಾತ, ಇಲಾಖೆಯೊಳಗಿನ ಗ್ಯಾಂಗುಗಳಲ್ಲಿ ಪಾಲುಗೊಳ್ಳುವುದು, ಸಹೋದ್ಯೋಗಿಯ ಹಿಂಸೆಯನ್ನು ತಡೆಯದಿರುವುದು ಇವೆಲ್ಲ ಗಂಭೀರ ದುರ್ನಡತೆ ಎಂದು ಕಾನೂನು ಹೇಳುತ್ತದೆ. ಕೋರ್ಟು ಶಿಕ್ಷೆ ಕೊಟ್ಟಿರಬೇಕೆಂಬ ಷರತ್ತಿಲ್ಲ. ಪ್ರಕರಣವನ್ನು ಪರಿಶೀಲಿಸುವ ಒಂಬತ್ತು ಜನರ ಸಲಹಾ ಮಂಡಳಿಯಲ್ಲಿ ಪೊಲೀಸ್ ಹಿನ್ನೆಲೆಯವರು ಇಬ್ಬರು. ಉಳಿದವರಲ್ಲಿ ಪೊಲೀಸರ ಅನ್ಯಾಯದ ಬಲಪ್ರಯೋಗಕ್ಕೆ ಸಿಕ್ಕವರು ಅಥವಾ ಹಾಗೆ ಸತ್ತವರ ಮನೆಯವರು ಇಬ್ಬರಿರಬೇಕು. ರುಜುವಾತಿನ ಮಟ್ಟ ಸಾಮಾನ್ಯ ಸಿವಿಲ್ ದಾವೆಗಿಂತ ಮೇಲಿನದು, ಕ್ರಿಮಿನಲ್ ಮೊಕದ್ದಮೆಗಿಂತ ಕೆಳಗಿನದು. ಅಧಿಕಾರಿ ಕೇಳಿದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆಯಾಗುತ್ತದೆ. ಇದಿಷ್ಟೂ ಇದ್ದು ಒಂದು ವಿಧಿ ಇಲ್ಲದಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು. ಆ ವಿಧಿ ಇದು: ಗಂಭೀರ ದುರ್ನಡತೆಯ ಆರೋಪವಿದ್ದಾಗ, ಅಧಿಕಾರಿ ಕೆಲಸದಲ್ಲಿರಲಿ ಇಲ್ಲದಿರಲಿ, ಇಲಾಖೆ ತನಿಖೆಯನ್ನು ಮುಗಿಸಲೇಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಕೂಡ 2017ರ ಕಾಯ್ದೆಯ ಮೂಲಕ ಇದೇ ಜಾಗಕ್ಕೆ ಬಂದವು. ಅಲ್ಲಿ ರಾಜೀನಾಮೆ ಕೊಟ್ಟವರ, ನಿವೃತ್ತರಾದವರ ಮೇಲೂ ದುರ್ನಡತೆಯ ವಿಚಾರಣೆ ನಡೆಯುತ್ತದೆ, ವಜಾಗೊಂಡವರ ಹೆಸರು ಕಾಲೇಜ್ ಆಫ್ ಪೊಲೀಸಿಂಗ್ ಇಟ್ಟಿರುವ ನಿಷೇಧಿತರ ಪಟ್ಟಿಗೆ ಹೋಗುತ್ತದೆ, 43 ಪಡೆಗಳಲ್ಲಿ ಯಾವುದೂ ಅವರನ್ನು ತೆಗೆದುಕೊಳ್ಳುವಂತಿಲ್ಲ.

ಪರವಾನಗಿ ಇದ್ದೂ ಏನಾಯಿತು ಎಂದು ಕೇಳುವವರಿಗೆ ಮಿನ್ನೆಸೋಟ ಒಂದು ಉದಾಹರಣೆಯಾಗಿ ಸಿಗುತ್ತದೆ. ಮಿನಿಯಾಪೊಲಿಸ್ ಇರುವ ಆ ರಾಜ್ಯ 1970ರ ದಶಕದಲ್ಲೇ ಪೊಲೀಸರಿಗೆ ವೃತ್ತಿ ಪರವಾನಗಿಯನ್ನು ತಂದಿತ್ತು. ಫ್ಲಾಯ್ಡ್ ಕತ್ತಿನ ಮೇಲೆ ಮಂಡಿಯೂರಿದ ಅಧಿಕಾರಿಯ ಮೇಲೆ ಹಿಂದೆಯೇ ಹತ್ತಕ್ಕೂ ಹೆಚ್ಚು ದೂರುಗಳಿದ್ದವು, ಅವನ ಪರವಾನಗಿಗೆ ಏನೂ ಆಗಿರಲಿಲ್ಲ. ಅಲ್ಲಿನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆ 2017ರಲ್ಲಿ ಕಂಡುಕೊಂಡಂತೆ, ಎರಡು ದಶಕಗಳಲ್ಲಿ ಅಪರಾಧಕ್ಕಾಗಿ ಕೋರ್ಟಿನಲ್ಲಿ ಶಿಕ್ಷೆಯಾದ ನೂರಾರು ಪೊಲೀಸರಲ್ಲಿ ಹೆಚ್ಚಿನವರ ಮೇಲೆ ಪರವಾನಗಿ ಮಂಡಳಿ ಕ್ರಮವನ್ನೇ ಕೈಗೊಂಡಿರಲಿಲ್ಲ. ಮಂಡಳಿಯಲ್ಲಿ ಪೊಲೀಸರದೇ ಬಹುಮತವಿತ್ತು, ಅದರ ನಿಯಮಗಳು ಬಹುತೇಕ ಕೋರ್ಟಿನ ತೀರ್ಪಿಗೆ ಕಾಯುತ್ತಿದ್ದವು. ವೈದ್ಯರನ್ನು ವೈದ್ಯರೇ, ವಕೀಲರನ್ನು ವಕೀಲರೇ ಅಳೆಯುವಾಗ ಪೊಲೀಸರನ್ನು ಪೊಲೀಸರು ಅಳೆದರೆ ತಪ್ಪೇನು ಎನ್ನಬಹುದು. ರೋಗಿ ಬೇಡವೆನಿಸಿದ ವೈದ್ಯನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗಬಲ್ಲ, ಕಕ್ಷಿದಾರ ವಕೀಲನನ್ನು ಬದಲಿಸಬಲ್ಲ. ರಾತ್ರಿ ಹೆದ್ದಾರಿಯಲ್ಲಿ ಕಾರು ನಿಲ್ಲಿಸಲ್ಪಟ್ಟವನು ನನಗೆ ಬೇರೆ ಪೊಲೀಸ್ ಬೇಕು ಎನ್ನಲಾಗದು. ಆಯ್ಕೆ ಇಲ್ಲದ ಕಡೆ ಜನರ ಪ್ರತಿನಿಧಿಗಳು ಮಂಡಳಿಯಲ್ಲಿ ಹೆಚ್ಚಿರಬೇಕಾದದ್ದು ಈ ಕಾರಣಕ್ಕೆ. ಮಿನ್ನೆಸೋಟದ ಪಾಠ ಪರವಾನಗಿ ವ್ಯರ್ಥ ಎಂಬುದಲ್ಲ. ಕೊಡುವಾಗ ಶ್ರದ್ಧೆ ತೋರಿ ಹಿಂಪಡೆಯುವಾಗ ಕಣ್ಣುಮುಚ್ಚುವ ಮಂಡಳಿ ಇದ್ದೂ ಇಲ್ಲದಂತೆ.

ಪೊಲೀಸರೇ ಸಿಗುತ್ತಿಲ್ಲ, ಹೀಗೆ ಬಿಗಿ ಮಾಡಿದರೆ ಸಣ್ಣ ಊರುಗಳು ಏನು ಮಾಡಬೇಕು ಎಂಬ ಅಳಲೂ ಇದೆ. ಕೊರತೆ ನಿಜ. ಆದರೆ ಆ ಕೊರತೆಯ ಬೆಲೆಯನ್ನು ಸಣ್ಣ ಊರಿನ ಬಡವರು ತೆರಬೇಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆಯುತ್ತಿರುವುದು ಮಾತ್ರ ಅದೇ. ದೊಡ್ಡ ನಗರ ಬೇಡವೆಂದವನನ್ನು ಕಡಿಮೆ ಸಂಬಳಕ್ಕೆ ಕರೆದುಕೊಳ್ಳುವ ಊರು ಮುಂದೊಂದು ದಿನ ದಾವೆಯ ಪರಿಹಾರ ಕಟ್ಟಲು ಶಾಲೆ, ರಸ್ತೆಯ ಹಣಕ್ಕೆ ಕೈಹಾಕಬೇಕಾಗುತ್ತದೆ.

ನಮ್ಮ ಕಡೆಗೂ ಒಂದು ಕ್ಷಣ ನೋಡಬೇಕು. ಕರ್ನಾಟಕದಲ್ಲಿ ಸೇವೆಯಿಂದ ವಜಾಗೊಂಡ ನೌಕರ ಸಾಮಾನ್ಯವಾಗಿ ಮತ್ತೆ ಸರ್ಕಾರಿ ಕೆಲಸಕ್ಕೆ ಅನರ್ಹ. 1957ರ ಸೇವಾ ನಿಯಮಗಳೇ ಹಾಗೆ ಹೇಳುತ್ತವೆ. ಕೇಂದ್ರದ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ದುರ್ನಡತೆಗಾಗಿ ಪೊಲೀಸ್ ಸೇವೆಯಿಂದ ವಜಾಗೊಂಡವನು ಅಪಾರ್ಟ್‌ಮೆಂಟಿನ ಕಾವಲುಗಾರನೂ ಆಗಬಾರದೆನ್ನುತ್ತದೆ. ಈ ಎರಡೂ ನಿರ್ಬಂಧಗಳು ನಿಂತಿರುವುದು ಇಲಾಖೆ ಹೊರಡಿಸುವ ಆದೇಶದ ಮೇಲೆ. ಆದೇಶವೇ ಬರದಿದ್ದರೆ, ವರ್ಗಾವಣೆಯಲ್ಲೋ ಅಮಾನತಿನ ತೆರವಿನಲ್ಲೋ ಪ್ರಕರಣ ಮುಗಿದರೆ, ತಡೆಯೂ ಇಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಪೊಲೀಸ್ ದೂರು ಪ್ರಾಧಿಕಾರಗಳನ್ನು ಸ್ಥಾಪಿಸಲು ಹೇಳಿದಾಗ, ಅವುಗಳ ಶಿಫಾರಸು ಸರ್ಕಾರವನ್ನು ಕಟ್ಟಿಹಾಕಬೇಕು ಎಂದೂ ಸೇರಿಸಿತ್ತು. ಕರ್ನಾಟಕವೂ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಕ್ಕೆ ಜಾಗ ಕೊಟ್ಟಿತು. ಹಲವು ರಾಜ್ಯಗಳ ಕಾಯ್ದೆಗಳಲ್ಲಿ ಕೋರ್ಟಿನ ಆ ಒಂದು ಮಾತು ಬರಿಯ ಸಲಹೆಯ ಮಟ್ಟಕ್ಕೆ ಇಳಿದಿದೆ. ವ್ಯವಸ್ಥೆಗಳು ಬೇರೆ, ಆದರೆ ಅರ್ಹತೆಯನ್ನು ಅಂತಿಮವಾಗಿ ಇಲಾಖೆಯೇ ತೀರ್ಮಾನಿಸಬೇಕೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಅಮೆರಿಕದ ರಾಜ್ಯಗಳು ತಮ್ಮತಮ್ಮಲ್ಲಿ ಎಷ್ಟೇ ಬಿಗಿ ಮಾಡಿಕೊಂಡರೂ ಗಡಿ ದಾಟಿದ ಅಧಿಕಾರಿಯ ಪ್ರಶ್ನೆ ಉಳಿಯುತ್ತದೆ. ರಾಜ್ಯಗಳ ತರಬೇತಿ ಮಂಡಳಿಗಳ ಮುಖ್ಯಸ್ಥರ ಸಂಘವೊಂದು ಪರವಾನಗಿ ಕಳೆದುಕೊಂಡವರ ರಾಷ್ಟ್ರೀಯ ಸೂಚಿಯನ್ನು ಇಟ್ಟಿದೆ. ಅದಕ್ಕೆ ಹೆಸರು ಕಳಿಸುವುದು ಬಹುಕಾಲ ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಅದು ನೇಮಕ ಮಾಡುವವರಿಗಾಗಿ ಇರುವ ಪಟ್ಟಿ, ಜನಸಾಮಾನ್ಯರು ಹೆಸರು ಹುಡುಕಿ ನೋಡುವಂಥದ್ದಲ್ಲ. ಅಧ್ಯಕ್ಷ ಬೈಡನ್ 2022ರ ಮೇ 25ರ ಆದೇಶದ ಮೂಲಕ ಕೇಂದ್ರದ ಅಧಿಕಾರಿಗಳಿಗಾಗಿ ಒಂದು ದತ್ತಾಂಶ ಕೋಶ ಮಾಡಿಸಿದರು, ಅದು 2023ರ ಡಿಸೆಂಬರಿನಲ್ಲಿ ಶುರುವಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆ ಆದೇಶವನ್ನು ರದ್ದುಮಾಡಿದರು, ಕೋಶ ಮುಚ್ಚಿತು. ಒಬ್ಬ ಅಧ್ಯಕ್ಷನ ಸಹಿಯಿಂದ ಹುಟ್ಟಿ ಇನ್ನೊಬ್ಬನ ಸಹಿಯಿಂದ ಸಾಯುವ ಏರ್ಪಾಟಿನ ಮೇಲೆ ಯಾವ ಊರೂ ನೇಮಕಾತಿಯನ್ನು ಕಟ್ಟಲಾಗದು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನನ್ನೇ ಮಾಡಬೇಕು, ಮಾಡುವ ದಾರಿಯೂ ಇದೆ. ಕೇಂದ್ರ ರಾಜ್ಯಗಳಿಗೆ ಅಪ್ಪಣೆ ಕೊಡುವಂತಿಲ್ಲ, ಆದರೆ ತಾನು ಕೊಡುವ ಹಣಕ್ಕೆ ಷರತ್ತು ಹಾಕಬಹುದು. 1984ರಲ್ಲಿ ಹೆದ್ದಾರಿ ಅನುದಾನದ ಒಂದು ಪಾಲನ್ನು ತಡೆಹಿಡಿಯುವುದಾಗಿ ಹೇಳಿ ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದು ಹಾಗೆಯೇ, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆಯಲ್ಲಿ ಇಂಥದ್ದೇ ಎರಡು ವಿಧಿಗಳಿದ್ದವು: ದುರ್ನಡತೆಯ ರಾಷ್ಟ್ರೀಯ ದಾಖಲೆ, ಮತ್ತು ಪ್ರಮಾಣಪತ್ರವಿಲ್ಲದವರನ್ನು ನೇಮಿಸುವ ಕಡೆಗೆ ಪೊಲೀಸ್ ಅನುದಾನವಿಲ್ಲ ಎಂಬ ಷರತ್ತು. 2021ರ ಮಾರ್ಚಿನಲ್ಲಿ ಪ್ರತಿನಿಧಿ ಸಭೆ ಅಂಗೀಕರಿಸಿದ ಆ ಮಸೂದೆ ಸೆನೆಟ್ಟಿನಲ್ಲಿ ನಿಂತುಹೋಯಿತು, ಸೆಪ್ಟೆಂಬರಿನಲ್ಲಿ ಮಾತುಕತೆಯೂ ಮುರಿಯಿತು. ದೊಡ್ಡ ತಕರಾರು ಇದ್ದದ್ದು ದಾವೆಗಳಿಂದ ಪೊಲೀಸರಿಗಿರುವ ಕಾನೂನಿನ ರಕ್ಷಣೆಯ ಮೇಲೆ, ಈ ಎರಡು ವಿಧಿಗಳ ಮೇಲಲ್ಲ. ಆ ಜಗಳ ಬಗೆಹರಿಯುವವರೆಗೆ ಇವನ್ನು ಕಾಯಿಸಬೇಕಾಗಿಲ್ಲ. ಎರಡನ್ನೂ ಪ್ರತ್ಯೇಕ ಮಸೂದೆಯಾಗಿ ನಾಳೆಯೇ ಮಂಡಿಸಬಹುದು.